ಆಯಿ, ನಾನು ಯಾವಾಗ ಬ್ಲ್ಯಾಕ್ ಆದೆ?

2024ರ ಜುಲೈ 31. ರಾತ್ರಿ ಊಟಕ್ಕೆ ಕೂತಿದ್ದೆವು. ಅನ್ನ, ಮೆಂತೆ ತಂಬುಳಿ, ಪಕ್ಕದಲ್ಲಿ ನನ್ನ ಗಂಡ ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ ಹುರಿದ ಬೆಂಡೆಕಾಯಿ. ನಮ್ಮನೆಯಲ್ಲಿ ಜಗಳವಿಲ್ಲದೆ ಮೂವರೂ ತಿನ್ನುವ ತರಕಾರಿ ಅದೊಂದೇ. ಟೀವಿಯಲ್ಲಿ ಶಿಕಾಗೋದ ಸುದ್ದಿ ಬರುತ್ತಿತ್ತು. ಬ್ಲ್ಯಾಕ್ ಪತ್ರಕರ್ತರ ಸಮಾವೇಶದ ವೇದಿಕೆ ಮೇಲೆ ಡೊನಾಲ್ಡ್ ಟ್ರಂಪ್ ಕೂತಿದ್ದರು. ಅಧ್ಯಕ್ಷ ಚುನಾವಣೆಯಲ್ಲಿ ತಮ್ಮ ಎದುರಾಳಿಯಾಗಿದ್ದ ಕಮಲಾ ಹ್ಯಾರಿಸ್ ಯಾವಾಗಲೂ ತಾನು ಇಂಡಿಯನ್ ಅಂತಲೇ ಹೇಳಿಕೊಳ್ಳುತ್ತಿದ್ದರು, ಕೆಲವು ವರ್ಷದ ಹಿಂದೆ ಬ್ಲ್ಯಾಕ್ ಆಗಿಬಿಟ್ಟರು, ಅಲ್ಲಿವರೆಗೂ ಅವರು ಬ್ಲ್ಯಾಕ್ ಅಂತ ನನಗೆ ಗೊತ್ತೇ ಇರಲಿಲ್ಲ ಅನ್ನೋ ಅರ್ಥದ ಮಾತಾಡಿದರು.

ನನ್ನ ಗಂಡ ಎದ್ದು ಟೀವಿ ಆರಿಸಿದ. ಮಗಳಿಗೆ ಆಗ ಹನ್ನೆರಡು ವರ್ಷ. ಕೈ ತಟ್ಟೆಯಲ್ಲೇ ಇತ್ತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು.

"ಆಯಿ, ನಾನು ಯಾವಾಗ ಬ್ಲ್ಯಾಕ್ ಆದೆ?"

ನಮ್ಮಿಬ್ಬರ ಮಧ್ಯೆ ಮಾತ್ರ ಇರಬೇಕಾದ ಮಾತಿಗೆ ಅವಳು ಕನ್ನಡಕ್ಕೆ ಬರುತ್ತಾಳೆ. ತಮಾಷೆಗೆ ಕೇಳಿದ್ದಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಹುಟ್ಟಿದಾಗಿಂದ" ಅಂದೆ.

"ಹಾಗಾದ್ರೆ ಇಂಡಿಯನ್?"

"ಅದೂ ಹುಟ್ಟಿದಾಗಿಂದ."

ಅವಳು ಎದ್ದು ಕೈ ತೊಳೆದುಕೊಂಡು ಕೋಣೆಗೆ ಹೋದಳು. ನನ್ನ ಉತ್ತರ ಅವಳಿಗೆ ಸಾಕಾಗಲಿಲ್ಲ. ನನಗೂ ಸಾಕಾಗಲಿಲ್ಲ. ಅವತ್ತಿಂದ ಆ ಪ್ರಶ್ನೆ ತಲೆಯಲ್ಲೇ ಕೂತಿದೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಮೊದಲು ಒಂದು ಮಾತು. ನಾನು ಇಲ್ಲಿ ಬ್ಲ್ಯಾಕ್ ಅಂತಲೇ ಬರೆಯುತ್ತೇನೆ. ಕನ್ನಡದಲ್ಲಿ 'ಕರಿಯ' ಅಂದರೆ ಬೈದ ಹಾಗೆ ಕೇಳುತ್ತದೆ. 'ಕಪ್ಪು' ಅಂದರೆ ಬರೀ ಬಣ್ಣ. ಬ್ಲ್ಯಾಕ್ ಅನ್ನೋದು ಬಣ್ಣದ ಹೆಸರಲ್ಲ, ಆಫ್ರಿಕಾ ಮೂಲದ ಜನರ ಹೆಸರು. ನನ್ನ ಅತ್ತೆ ನನಗಿಂತ ಬೆಳ್ಳಗಿದ್ದಾರೆ. ಆದರೂ ಅವರು ಬ್ಲ್ಯಾಕ್, ನಾನಲ್ಲ. ಅಮೆರಿಕಕ್ಕೆ ಬಂದು ಆರು ವರ್ಷವಾದ ಮೇಲೂ ನನಗೆ ಇದು ಸರಿಯಾಗಿ ಅರ್ಥವಾಗಿರಲಿಲ್ಲ.

ನನ್ನ ಮಗಳಂಥವರಿಗೆ ಇಂಗ್ಲಿಷಲ್ಲಿ ಬೈರೇಶಿಯಲ್ ಅಂತಾರೆ. ಕನ್ನಡದಲ್ಲಿ ಒಂದು ಮಾತು ಹುಡುಕಿದೆ. 'ಮಿಶ್ರ ಜನಾಂಗ' ಅನ್ನೋದು ಪಠ್ಯಪುಸ್ತಕದ ಮಾತು, ಮಗುವಿಗೆ ಹೇಳೋಕಾಗಲ್ಲ. ಆಡುಮಾತಲ್ಲಿ ಸಿಗೋದು 'ಬೆರಕೆ'. ಬೆರಕೆ ಅಂದ ಕೂಡಲೇ ನೆನಪಾಗೋದು ನೀರು ಬೆರೆಸಿದ ಹಾಲು, ಕಲ್ಲು ಬೆರೆಸಿದ ಅಕ್ಕಿ. ಮನುಷ್ಯರಿಗೆ ಹೇಳಿದರೆ ಇನ್ನೂ ಕೆಟ್ಟದು. ಮೈಸೂರು ಕಡೆಯ ಗೆಳತಿಯೊಬ್ಬಳ ಹತ್ತಿರ ಇದನ್ನ ಹೇಳಿಕೊಂಡಾಗ ಅವಳು, "ಯಾಕೆ, ನಮ್ಮಲ್ಲಿ ಬೆರಕೆ ಸೊಪ್ಪಿನ ಸಾರು ಮಾಡ್ತೀವಲ್ಲ, ಅದಕ್ಕಿಂತ ರುಚಿಯಾದ ಸಾರು ಇನ್ನೊಂದಿಲ್ಲ" ಅಂದಳು. ಎಷ್ಟೋ ದಿನ ಆ ಮಾತು ನನಗೆ ಆಸರೆಯಾಗಿತ್ತು.

ನಾವಿರೋದು ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ. ಇಲ್ಲಿ ಮಗಳು ಯಾರು ಅನ್ನೋದು ಅವಳು ಯಾರ ಪಕ್ಕ ನಿಂತಿದ್ದಾಳೆ ಅನ್ನೋದರ ಮೇಲೆ ಹೋಗುತ್ತದೆ. ಅಪ್ಪನ ಜೊತೆ ಅಂಗಡಿಗೆ ಹೋದರೆ ಯಾರೂ ಏನೂ ಕೇಳಲ್ಲ. ನನ್ನ ಜೊತೆ ಬಂದರೆ, "ನಿಮ್ಮ ಮಗಳಾ?" ಅಂತಾರೆ. ಅವಳು ಮೂರು ವರ್ಷದವಳಿದ್ದಾಗ ಪಾರ್ಕಿನಲ್ಲಿ ಒಬ್ಬಾಕೆ ಬಹಳ ಪ್ರೀತಿಯಿಂದಲೇ, ಎಷ್ಟು ದಿನದಿಂದ ಈ ಮಗೂನ ನೋಡಿಕೊಳ್ತಿದ್ದೀರಿ ಅಂತ ಕೇಳಿದ್ದರು. ಒಬ್ಬಳೇ ಇದ್ದರೆ ಇಥಿಯೋಪಿಯಾದವಳಾ, ಡೊಮಿನಿಕನ್ನಾ ಅಂತ ಊಹಿಸುತ್ತಾರೆ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈ ಚಾಚಿದರೆ, "ಯಾರ ಮಗು ಇದು?" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕನ್ನಡದವರೇ ಸೇರಿದ ಒಂದು ಯುಗಾದಿ ಊಟದಲ್ಲಿ ಒಬ್ಬರು, "ಅಬ್ಬಾ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತಾಳೆ!" ಅಂದರು. ಹೊಗಳಿಕೆಯೇ ಅದು. ಆದರೆ ಅದೇ ಸಾಲಲ್ಲಿ ಕೂತಿದ್ದ ಬೇರೆ ಮಕ್ಕಳಿಗೆ ಯಾರೂ ಹಾಗೆ ಹೇಳಲಿಲ್ಲ. ಅವರಲ್ಲಿ ಎಷ್ಟೋ ಮಕ್ಕಳಿಗೆ 'ಊಟ ಆಯ್ತಾ' ದಾಟಿ ಕನ್ನಡ ಬರುತ್ತಿರಲಿಲ್ಲ. ಮಗಳು ಹೋಳಿಗೆ ಬಿಟ್ಟು ಎದ್ದಳು. ಹೊಟ್ಟೆ ತುಂಬಿತು ಅಂದಳು.

ನಾನೂ ಒಂದು ದಿನ 'ಆದವಳೇ'. ಅದು ಯಾವಾಗ ಅಂತ ಹೇಳಬಲ್ಲೆ. 2011ರಲ್ಲಿ ಮದುವೆ ಲೈಸೆನ್ಸಿಗೆ ಅರ್ಜಿ ಹಾಕಲು ಕೌಂಟಿ ಕೋರ್ಟಿಗೆ ಹೋಗಿದ್ದೆವು. ಆಗ ವರ್ಜೀನಿಯಾದಲ್ಲಿ ಮದುವೆ ಅರ್ಜಿಯಲ್ಲಿ ರೇಸ್, ಅಂದರೆ ಜನಾಂಗ, ಯಾವುದು ಅಂತ ಬರೆಯಬೇಕಿತ್ತು. ಗಂಡ ಒಂದು ಸೆಕೆಂಡಲ್ಲಿ ಬರೆದ. ನಾನು ಪೆನ್ನು ಹಿಡಿದು ನಿಂತೆ. ಜಾತಿ ಕಾಲಂ ಆಗಿದ್ದರೆ ನನಗೂ ಒಂದು ಸೆಕೆಂಡ್ ಸಾಕಿತ್ತು. ಯೋಚಿಸಿ 'ಇಂಡಿಯನ್' ಅಂತ ಬರೆದೆ. ಕಿಟಕಿಯಾಚೆ ಇದ್ದ ಹೆಂಗಸು ಅದನ್ನ ನೋಡಿ, "ಯಾವ ಬುಡಕಟ್ಟು?" ಅಂತ ಕೇಳಿದರು. ಇಲ್ಲಿನ ಮೂಲ ನಿವಾಸಿಗಳಿಗೂ ಇಂಡಿಯನ್ ಅಂತಾರೆ. ನಾನು ಭಾರತದವಳು ಅಂದಾಗ ಅದನ್ನ ಹೊಡೆದು ಹಾಕಿ ಪಕ್ಕದಲ್ಲಿ 'ಏಷ್ಯನ್' ಅಂತ ಬರೆಯಲು ಹೇಳಿದರು. ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ಅವತ್ತು ಮಧ್ಯಾಹ್ನ ಏಷ್ಯನ್ ಆದೆ.

2019ರಲ್ಲಿ ಮೂರು ಜೋಡಿಗಳು ಈ ಕಾಲಂ ವಿರುದ್ಧ ಫೆಡರಲ್ ಕೋರ್ಟಿಗೆ ಹೋದವು. ಒಂದು ಕೌಂಟಿಯಲ್ಲಿ ಆರಿಸಿಕೊಳ್ಳಿ ಅಂತ ಕೊಡುತ್ತಿದ್ದ ಪಟ್ಟಿಯಲ್ಲಿ ಮುಲಾಟೊ, ಕ್ವಾಡ್ರೂನ್, ಆಕ್ಟರೂನ್, ಆರ್ಯನ್ ಅಂತೆಲ್ಲ ಇದ್ದಿದ್ದು ಆಗ ಹೊರಗೆ ಬಂತು. ಮುಲಾಟೊ ಅಂದರೆ ಅರ್ಧ ಬ್ಲ್ಯಾಕ್, ಕ್ವಾಡ್ರೂನ್ ಅಂದರೆ ಕಾಲು ಭಾಗ, ಆಕ್ಟರೂನ್ ಅಂದರೆ ಎಂಟರಲ್ಲೊಂದು. ಅದೇ ವರ್ಷ ನ್ಯಾಯಾಧೀಶರು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂದರು. ಸುದ್ದಿ ಓದಿ ನನ್ನ ಗಂಡ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲಿಟ್ಟ. ಅವನ ಅಜ್ಜಿಯ ಜನನ ಪತ್ರದ ನಕಲು. ಅಜ್ಜಿ ಹುಟ್ಟಿದ್ದು ಇಲ್ಲಿಂದ ಉತ್ತರಕ್ಕಿರುವ ಕ್ಯಾರೊಲೈನ್ ಕೌಂಟಿಯಲ್ಲಿ, 1930ರ ದಶಕದಲ್ಲಿ. ರೇಸ್ ಅನ್ನೋ ಜಾಗದಲ್ಲಿ 'ಕಲರ್ಡ್' ಅಂತ ಟೈಪ್ ಮಾಡಿತ್ತು. ಆಗ ಬ್ಲ್ಯಾಕ್ ಜನರಿಗೆ ಬಳಸುತ್ತಿದ್ದ ಮಾತು ಅದು. ಅಜ್ಜಿ ಬದುಕಿರುವವರೆಗೂ ತನ್ನ ತಾಯಿ ಈ ನೆಲದ ಮೂಲ ನಿವಾಸಿ ರಾಪಹಾನಕ್ ಜನ ಅಂತ ಹೇಳುತ್ತಿದ್ದರಂತೆ. ಕಾಗದದಲ್ಲಿ ಅದರ ಗುರುತೂ ಇಲ್ಲ.

ಯಾಕಿಲ್ಲ ಅಂತ ಹುಡುಕಿದಾಗ ಒಂದು ಹೆಸರು ಸಿಕ್ಕಿತು. ವಾಲ್ಟರ್ ಪ್ಲೆಕರ್. ವರ್ಜೀನಿಯಾದ ಜನನ ಮರಣ ದಾಖಲೆಗಳ ಮುಖ್ಯಸ್ಥ. 1912ರಿಂದ 1946ರವರೆಗೆ ಆ ಕುರ್ಚಿಯಲ್ಲಿ ಕೂತಿದ್ದವನು. 1924ರಲ್ಲಿ ಇಲ್ಲಿ ಜನಾಂಗ ಶುದ್ಧತೆಯ ಕಾನೂನು ಬಂತು. ಬಿಳಿಯರಲ್ಲದ ರಕ್ತ ಒಂದು ಹನಿ ಇದ್ದರೂ ಅವನು ಬಿಳಿಯನಲ್ಲ. ಬಿಳಿಯರು ಬಿಳಿಯರನ್ನೇ ಮದುವೆಯಾಗಬೇಕು. ಆದರೆ ಒಂದು ತೊಡಕಿತ್ತು. ವರ್ಜೀನಿಯಾದ ದೊಡ್ಡ ದೊಡ್ಡ ಮನೆತನದವರು ತಾವು ಪೊಕಹಾಂಟಸ್ ವಂಶದವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವಳು ಮೂಲ ನಿವಾಸಿ ಹೆಣ್ಣುಮಗಳು. ಹಾಗಾಗಿ ಮೂಲ ನಿವಾಸಿ ರಕ್ತ ಹದಿನಾರರಲ್ಲಿ ಒಂದು ಭಾಗದವರೆಗೆ ಇದ್ದರೆ ಅವರು ಬಿಳಿಯರೇ ಅಂತ ಕಾನೂನಲ್ಲೇ ಬಾಗಿಲು ತೆರೆದಿಟ್ಟರು. ದೊಡ್ಡವರಿಗೆ ಆ ಬಾಗಿಲು. ಉಳಿದ ಮೂಲ ನಿವಾಸಿಗಳು ಬ್ಲ್ಯಾಕ್ ಜನರ ಜೊತೆ ಬೆರೆತವರು, ಅವರೆಲ್ಲ 'ಕಲರ್ಡ್' ಅಂತ ಪ್ಲೆಕರ್ ಪಟ್ಟು ಹಿಡಿದ. ಸೂಲಗಿತ್ತಿಯರಿಗೆ, ಗುಮಾಸ್ತರಿಗೆ ಬೆದರಿಕೆ ಪತ್ರ ಬರೆದ. ಮನೆತನದ ಹೆಸರುಗಳ ಪಟ್ಟಿ ಮಾಡಿ ಕಳಿಸಿದ. ಒಂದಿಡೀ ಜನ ಕಾಗದದ ಮೇಲೆ ಇಲ್ಲವಾದರು.

ಅದೇ ಕ್ಯಾರೊಲೈನ್ ಕೌಂಟಿಯ ಸೆಂಟ್ರಲ್ ಪಾಯಿಂಟ್ ಅನ್ನೋ ಹಳ್ಳಿಯವರು ಮಿಲ್‌ಡ್ರೆಡ್ ಮತ್ತು ರಿಚರ್ಡ್ ಲವಿಂಗ್. ರಿಚರ್ಡ್ ಬಿಳಿಯ. ಮಿಲ್‌ಡ್ರೆಡ್ ಮನೆತನದಲ್ಲಿ ಬ್ಲ್ಯಾಕ್ ಜನರೂ ಇದ್ದರು, ಮೂಲ ನಿವಾಸಿಗಳೂ ಇದ್ದರು. 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಜುಲೈನಲ್ಲಿ ಒಂದು ಅಪರಾತ್ರಿ ಶೆರಿಫ್ ಮಲಗುವ ಕೋಣೆಗೇ ಬಂದು ಮುಖಕ್ಕೆ ಟಾರ್ಚ್ ಹಾಕಿದ. ಗೋಡೆ ಮೇಲಿದ್ದ ಮದುವೆ ಸರ್ಟಿಫಿಕೇಟ್ ತೋರಿಸಿದರೆ, ಅದು ಇಲ್ಲಿ ನಡೆಯಲ್ಲ ಅಂದ. ಒಂದು ವರ್ಷ ಜೈಲು, ಇಲ್ಲ 25 ವರ್ಷ ಇಬ್ಬರೂ ಒಟ್ಟಿಗೆ ಈ ರಾಜ್ಯಕ್ಕೆ ಕಾಲಿಡಬಾರದು. ಅವರು ಊರು ಬಿಟ್ಟರು. ಆ ವರ್ಷ ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್‌ನವರು ಬ್ಲ್ಯಾಕ್ ಮತ್ತು ಬಿಳಿಯರ ಮದುವೆ ಬಗ್ಗೆ ಜನರನ್ನ ಕೇಳಿದಾಗ ಸರಿ ಅಂದವರು ನೂರಕ್ಕೆ 4 ಮಂದಿ. 2021ರಲ್ಲಿ ಕೇಳಿದಾಗ 94. ಮಧ್ಯದಲ್ಲಿ ಬಂದಿದ್ದು 1967ರ ಜೂನ್ 12. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಲವಿಂಗ್ ದಂಪತಿ ಪರ ನಿಂತರು. ಆಗಿನ್ನೂ 16 ರಾಜ್ಯಗಳಲ್ಲಿ ಇಂಥ ಮದುವೆ ಅಪರಾಧವಾಗಿತ್ತು.

ನಮ್ಮತ್ತೆ ಆಗ ಹೈಸ್ಕೂಲಿನಲ್ಲಿದ್ದರು. ವಾಷಿಂಗ್ಟನ್‌ಗೆ ಹೋಗುವಾಗ ಐ-95 ರಸ್ತೆಯಲ್ಲಿ ಕ್ಯಾರೊಲೈನ್ ಕೌಂಟಿಯ ಬೋರ್ಡು ಬಂದರೆ ಅತ್ತೆ ಈಗಲೂ ಮಾತು ನಿಲ್ಲಿಸುತ್ತಾರೆ. ಯಾಕೆ ಅಂತ ನಾವು ಕೇಳಿಲ್ಲ.

ಅತ್ತೆ ನನಗಿಂತ ಬೆಳ್ಳಗೆ ಯಾಕಿದ್ದಾರೆ ಅನ್ನೋದಕ್ಕೂ ಇಲ್ಲಿ ಒಂದು ಹಳೇ ಕಾನೂನಿದೆ. 1662ರದ್ದು. ನಮ್ಮಲ್ಲಿ ಮಗು ಅಪ್ಪನ ಕುಲಕ್ಕೆ ಸೇರುತ್ತದೆ. ಇಂಗ್ಲಿಷರಲ್ಲೂ ಹಾಗೇ ಇತ್ತು. ವರ್ಜೀನಿಯಾದವರು ಇದೊಂದು ವಿಷಯಕ್ಕೆ ಅದನ್ನ ತಿರುಗಿಸಿಬಿಟ್ಟರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ತೋಟದ ಒಡೆಯನೇ ಆಗಿದ್ದರೂ ಅಷ್ಟೇ. ಅಂದರೆ ಒಡೆಯ ತನಗೆ ಹುಟ್ಟಿದ ಮಗುವನ್ನ ಮಾರಬಹುದಿತ್ತು. ಇದನ್ನ ಓದಿದ ರಾತ್ರಿ ನಾನು ಮಗಳ ಕೋಣೆಗೆ ಹೋಗಿ ಸುಮ್ನೆ ಕೂತಿದ್ದೆ. ಅಮೆರಿಕದ ಬ್ಲ್ಯಾಕ್ ಜನ ಮುನ್ನೂರೈವತ್ತು ವರ್ಷದಿಂದ ಬೆರೆತವರೇ. ಅವರು ಸಾಮಾನ್ಯವಾಗಿ ಅರ್ಧ, ಕಾಲು ಅಂತ ಲೆಕ್ಕ ಹಾಕಿ ಬೆರೆತವರನ್ನ ಹೊರಗಿಡಲಿಲ್ಲ. ಬಿಳಿಯರು ಅವಮಾನಕ್ಕೆ ಅಂತ ಮಾಡಿದ ಒಂದು ಹನಿಯ ನಿಯಮದೊಳಗೇ ಒಂದು ಮನೆ ಕಟ್ಟಿಕೊಂಡರು. ನನ್ನ ಮಗಳನ್ನ ಮೊದಲ ದಿನವೇ ಆ ಮನೆಯೊಳಗೆ ಕರೆದುಕೊಂಡವರು ಅವರು. ನಮ್ಮ ಕಡೆಯವರು ಆಗ ಫೋನಿನಲ್ಲಿ, "ಬಣ್ಣ ಯಾರ ಥರ?" ಅಂತ ಕೇಳುತ್ತಿದ್ದರು.

ಭಾರತದವರನ್ನೂ ಈ ದೇಶ ಎಷ್ಟು ಸಲ ಎಷ್ಟು ಥರ ಬರೆದಿದೆ ಗೊತ್ತಾ? 1920, 1930, 1940ರ ಜನಗಣತಿಯಲ್ಲಿ ನಮ್ಮ ರೇಸಿನ ಹೆಸರು 'ಹಿಂದೂ'. ಸಿಖ್ಖರಾಗಲಿ ಮುಸ್ಲಿಮರಾಗಲಿ, ಎಲ್ಲರೂ ಹಿಂದೂ. 1970ರಲ್ಲಿ ಬಿಳಿಯರ ಜೊತೆ ಸೇರಿಸಿದರು. 1980ರಲ್ಲಿ ಏಷ್ಯನ್ ಇಂಡಿಯನ್ ಅಂತ ಬೇರೆ ಚೌಕ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದರು. ಆಗ ಹೊರಗಿಂದ ಬಂದು ಪೌರರಾಗುವ ಹಕ್ಕಿದ್ದದ್ದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ನಾನು ಆರ್ಯ, ಮೇಲ್ಜಾತಿಯವನು, ಹಾಗಾಗಿ ಬಿಳಿಯ ಅನ್ನೋದು ಅವರ ವಾದ. 1923ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪಂಡಿತರು ಏನಾದರೂ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ ಅಂದಿತು. ನೋಡುವವನ ಕಣ್ಣೇ ಸಾಕ್ಷಿ, ಅವನ ಕಣ್ಣೇ ತೀರ್ಪು. ಥಿಂಡ್ ಅವರಿಗೆ ಅನ್ಯಾಯವಾಯಿತು, ನಿಜ. ಆದರೆ ಅವರ ವಾದ ಓದುವಾಗ ನನಗೆ ನಾಚಿಕೆಯಾಯಿತು. ನಾವು ಈ ದೇಶದ ಬಾಗಿಲಲ್ಲಿ ನಿಂತು ಮೊದಲು ತೆಗೆದು ತೋರಿಸಿದ್ದು ಜಾತಿಯ ಚೀಟಿ.

ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿನ ರೈತರು ಮೆಕ್ಸಿಕನ್ ಹೆಣ್ಣುಮಕ್ಕಳನ್ನ ಮದುವೆಯಾಗುತ್ತಿದ್ದರು. ಅಲ್ಲೂ ಬಿಳಿಯರು ಬೇರೆಯವರನ್ನ ಮದುವೆಯಾಗಬಾರದು ಅನ್ನೋ ಕಾನೂನಿತ್ತು. ಗುಮಾಸ್ತ ಇಬ್ಬರ ಮೈಬಣ್ಣ ನೋಡುತ್ತಿದ್ದ. ಇಬ್ಬರೂ ಕಂದಾಗಿ ಕಂಡರೆ ಲೈಸೆನ್ಸು. ಆ ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಕೊನೆಯಲ್ಲಿ ಸಿಂಗ್. ನಮ್ಮಂಥ ಮನೆಗಳು ಹೊಸದೇನಲ್ಲ ಅಂತ ತಿಳಿದಾಗ ನನಗೆ ಎಷ್ಟೋ ಸಮಾಧಾನವಾಗಿತ್ತು.

2020ರ ಏಪ್ರಿಲ್‌ನಲ್ಲಿ ನಮ್ಮನೆಗೆ ಜನಗಣತಿ ಫಾರಂ ಬಂತು. ಲಾಕ್‌ಡೌನ್, ಎಲ್ಲರೂ ಮನೆಯಲ್ಲೇ. ಎಂಟು ವರ್ಷದ ಮಗಳು ತಾನೇ ತುಂಬುತ್ತೇನೆ ಅಂತ ಹಟ ಮಾಡಿದಳು. ಒಂದಕ್ಕಿಂತ ಜಾಸ್ತಿ ಚೌಕ ಗುರುತು ಮಾಡಲು ಈ ದೇಶ ಬಿಟ್ಟಿದ್ದೇ 2000ನೇ ಇಸವಿಯಿಂದ. ಅವಳು ಬ್ಲ್ಯಾಕ್ ಮುಂದೆ ಒಂದು ಗುರುತು ಹಾಕಿದಳು, ಏಷ್ಯನ್ ಇಂಡಿಯನ್ ಮುಂದೆ ಒಂದು. ಬ್ಲ್ಯಾಕ್ ಕೆಳಗೆ ಮೂಲ ಬರೆಯಲು ಖಾಲಿ ಜಾಗವಿತ್ತು, ಏಷ್ಯನ್ ಇಂಡಿಯನ್ ಪಕ್ಕ ಇರಲಿಲ್ಲ. "ಕನ್ನಡ ಅಂತ ಎಲ್ಲಿ ಬರೀಲಿ?" ಅಂತ ಕೇಳಿದಳು. ಬರೆಯೋಕಾಗಲ್ಲ ಕಣೇ ಅಂದೆ.

ಆ ಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ರೇಸಿನವರು 3 ಕೋಟಿ 38 ಲಕ್ಷ ಅಂತ ಬಂತು. 2010ರಲ್ಲಿ 90 ಲಕ್ಷ ಇತ್ತು. ಹತ್ತು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲಿಲ್ಲ. ಪ್ರಶ್ನೆ ಕೇಳುವ ರೀತಿ ಬದಲಾಯಿತು, ಜನ ಬರೆದಿದ್ದನ್ನ ಓದಿ ವಿಂಗಡಿಸುವ ರೀತಿ ಬದಲಾಯಿತು. ಜನ ಇದ್ದ ಹಾಗೇ ಇದ್ದರು, ಬರೆದುಕೊಳ್ಳುವವರ ಪೆನ್ನು ಬದಲಾಯಿತು.

2010ರ ಗಣತಿಯಲ್ಲಿ ಬರಾಕ್ ಒಬಾಮಾ ಬ್ಲ್ಯಾಕ್ ಅನ್ನೋ ಒಂದೇ ಚೌಕಕ್ಕೆ ಗುರುತು ಹಾಕಿದರು. ಹೆತ್ತು ಸಾಕಿದವರು ಕ್ಯಾನ್ಸಸ್‌ನ ಬಿಳಿಯ ತಾಯಿ, ಆ ತಾಯಿಯ ಅಪ್ಪ ಅಮ್ಮ. ನನಗಿನ್ನೂ ಮದುವೆಯಾಗಿರಲಿಲ್ಲ. ಪಾಪ, ಆ ತಾಯಿಗೆ ಎಷ್ಟು ನೋವಾಗುತ್ತಿತ್ತೋ ಅಂದುಕೊಂಡಿದ್ದೆ. ಮಗಳು ಹುಟ್ಟಿದ ಮೇಲೆ ಅದು ಭಯವಾಯಿತು. ಇವಳೂ ಒಂದು ದಿನ ನನ್ನ ಚೌಕ ಖಾಲಿ ಬಿಟ್ಟರೆ? ಈ ಭಯದಿಂದಲೇ ನಾನು ಹೋದಲ್ಲೆಲ್ಲ, "ಇವಳು ಅರ್ಧ ಕನ್ನಡದವಳು" ಅನ್ನುತ್ತಿದ್ದೆ. ಸ್ಕೂಲಲ್ಲಿ, ಡಾಕ್ಟರ ಹತ್ತಿರ, ಕೇಳದವರಿಗೂ ಹೇಳುತ್ತಿದ್ದೆ. ಒಂದು ದಿನ ಗಂಡ ಮೆಲ್ಲಗೆ, "ಆ ಅರ್ಧ ಅನ್ನೋದನ್ನ ಯಾರಿಗೋಸ್ಕರ ಹೇಳ್ತೀಯ?" ಅಂತ ಕೇಳಿದ. ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಪೂರ್ತಿ ಬ್ಲ್ಯಾಕ್ ಅಲ್ಲ, ಸ್ವಲ್ಪ ಮೆತ್ತಗೆ ನೋಡಿ ಅಂತ ಎದುರಿನವರನ್ನ ಬೇಡಿಕೊಳ್ಳುತ್ತಿದ್ದೆ.

ಕಮಲಾ ಹ್ಯಾರಿಸ್ ತಾಯಿ ಶ್ಯಾಮಲಾ ಗೋಪಾಲನ್ 1958ರಲ್ಲಿ, 19ನೇ ವಯಸ್ಸಿಗೆ, ಮದ್ರಾಸಿನ ಕುಟುಂಬದಿಂದ ಬರ್ಕ್‌ಲಿಗೆ ಓದಲು ಬಂದವರು. ಮದುವೆಯಾಗಿದ್ದು ಜಮೈಕಾದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಹ್ಯಾರಿಸ್ ಅವರನ್ನ. ಇಬ್ಬರೂ ದೂರವಾದ ಮೇಲೆ ಹೆಣ್ಣುಮಕ್ಕಳಿಬ್ಬರನ್ನ ಆ ತಾಯಿಯೇ ಸಾಕಿದರು. ದೇವಸ್ಥಾನವೂ ಇತ್ತು, ಬ್ಲ್ಯಾಕ್ ಚರ್ಚೂ ಇತ್ತು. ತಾನು ಇಬ್ಬರು ಬ್ಲ್ಯಾಕ್ ಹೆಣ್ಣುಮಕ್ಕಳನ್ನ ಬೆಳೆಸುತ್ತಿದ್ದೇನೆ ಅನ್ನೋದು ತಾಯಿಗೆ ಚೆನ್ನಾಗಿ ಗೊತ್ತಿತ್ತು ಅಂತ ಕಮಲಾ ಆತ್ಮಕಥೆಯಲ್ಲಿ ಬರೆದಿದ್ದಾರೆ. 60ರ ದಶಕದಲ್ಲಿ ಒಂದು ತಮಿಳು ಬ್ರಾಹ್ಮಣರ ಮನೆಯ ಹುಡುಗಿಗೆ ಆ ತಿಳಿವು ಎಲ್ಲಿಂದ ಬಂತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಅದು ಬೇಗ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನೂ ಹೇಳಬೇಕು.

ನಮ್ಮೂರ ಕಡೆ ಸಿದ್ದಿ ಜನ ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚಿನಲ್ಲಿ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶ. ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಸೇರಿದರು. ಕನ್ನಡ, ಕೊಂಕಣಿ, ಮರಾಠಿ ಎಲ್ಲ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದರು.

ನಾನು ಚಿಕ್ಕವಳಿದ್ದಾಗ ಗೊನೆ ಕೊಯ್ಲಿನ ಸಮಯಕ್ಕೆ ಒಬ್ಬ ಸಿದ್ದಿ ಹೆಂಗಸು ಅಡಿಕೆ ಸುಲಿಯಲು ನಮ್ಮನೆಗೆ ಬರುತ್ತಿದ್ದಳು. ಅವಳು ಅಂಗಳದಲ್ಲೇ ಕೂರಬೇಕು. ಅವಳ ಚಾದ ಲೋಟ ಕೊಟ್ಟಿಗೆ ಗೋಡೆಯ ಗೂಡಲ್ಲಿ. ಕುಡಿದು ಅವಳೇ ತೊಳೆದು ಅಲ್ಲೇ ಇಡಬೇಕು. ಅವಳ ಜೊತೆ ನನ್ನ ವಯಸ್ಸಿನ ಮಗಳು ಬರುತ್ತಿದ್ದಳು. ನಾನು ಒಂದು ದಿನ ಹೋಗಿ, ಕೇಳದೆ, ಅವಳ ಕೂದಲಿಗೆ ಕೈ ಹಾಕಿ ಹಿಚುಕಿ ನೋಡಿದೆ. ಅವಳು ಅಲ್ಲಾಡದೆ ಕೂತಿದ್ದಳು. ನಾನು ಒಳಗೆ ಓಡಿ ಹೋಗಿ ಕೈ ತೊಳೆದುಕೊಂಡೆ. ತೊಳೆದುಕೋ ಅಂತ ಯಾರೂ ಹೇಳಿರಲಿಲ್ಲ.

ಎರಡು ವರ್ಷದ ಮಗಳನ್ನ ಗಾಡಿಯಲ್ಲಿ ಕೂರಿಸಿಕೊಂಡು ಅಂಗಡಿ ಸಾಲಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಅವಳ ಕೂದಲನ್ನ ಹಿಚುಕಿತು. "ಎಷ್ಟು ಮುದ್ದಾಗಿದೆ!" ಅಂದರು ಆಕೆ. ಮಗಳು ಅಲ್ಲಾಡದೆ ಕೂತಳು. ಅಂಗಡಿಯ ದೀಪದ ಕೆಳಗೆ ನನಗೆ ಕಂಡಿದ್ದು ಆ ಅಂಗಳದ ಹುಡುಗಿ. ರೇಸ್ ಅಂದರೇನು ಅಂತ ನಾನು ಅಮೆರಿಕಕ್ಕೆ ಬಂದು ಕಲಿತೆ ಅಂದುಕೊಂಡಿದ್ದೆ. ಆರನೇ ವಯಸ್ಸಿಗೇ ಕಲಿತಿದ್ದೆ.

ನನ್ನ ಆಯಿ ಇಲ್ಲಿಗೆ ಬಂದಿದ್ದು 2018ರಲ್ಲಿ, ಒಂದೇ ಸಲ. ಮದುವೆಯಾಗಿ ಏಳು ವರ್ಷದ ಮೇಲೆ. ಬಂದ ಮಾರನೇ ದಿನ ಕೊಬ್ಬರಿ ಎಣ್ಣೆ, ಹಣಿಗೆ ಹಿಡಿದು, "ಬಾರೇ ಕೂಸೆ" ಅಂತ ಮೊಮ್ಮಗಳನ್ನ ಕಾಲ ಮಧ್ಯೆ ಕೂರಿಸಿಕೊಂಡಳು. ಒಣ ಕೂದಲಿಗೆ ಬುಡದಿಂದ ಹಣಿಗೆ ಹಾಕಿ ಎಳೆದಳು. ಮಗು ಚೀರಿತು. ಹಣಿಗೆಯ ಎರಡು ಹಲ್ಲು ಮುರಿದವು. "ಇದೆಂತ ಕೂದಲೇ" ಅಂತ ಆಯಿಯ ಬಾಯಿಂದ ಬಂದೇಬಿಟ್ಟಿತು. ನಮ್ಮತ್ತೆಗೆ ಕನ್ನಡ ಬರಲ್ಲ. ಆದರೆ ಆ ದನಿ ಅರ್ಥವಾಯಿತು. ಅವರು ಏನೂ ಹೇಳದೆ ಒಳಗಿಂದ ನೀರಿನ ಸ್ಪ್ರೇ, ಕಂಡೀಷನರ್, ಅಗಲ ಹಲ್ಲಿನ ಬಾಚಣಿಗೆ ತಂದು ಪಕ್ಕದಲ್ಲಿ ಕೂತರು. ಮೊದಲು ನೆನೆಸಬೇಕು. ನಾಲ್ಕು ಭಾಗ ಮಾಡಬೇಕು. ಒಂದೊಂದು ಹಿಡಿಯನ್ನ ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಬರಬೇಕು. ರಾತ್ರಿ ಸ್ಯಾಟಿನ್ ಟೋಪಿ. ಕೈಯಲ್ಲೇ ಎಲ್ಲ ತೋರಿಸಿದರು.

ಮೂರನೇ ವಾರ ಅತ್ತೆ ನೆತ್ತಿಗೆ ಅಂಟಿದ ಹಾಗೆ ಸಾಲು ಸಾಲಾಗಿ ಹೆಣೆಯುವುದನ್ನ ಶುರು ಮಾಡಿದಾಗ ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ಪ್ರತಿ ಸುತ್ತಿಗೂ ಕೆಳಗಿಂದ ಒಂದಿಷ್ಟು ಹೊಸ ಕೂದಲು ಸೇರಿಸಿಕೊಳ್ಳುತ್ತಾ ಹೋಗಬೇಕು ಅದರಲ್ಲಿ. "ಇದು ಅಬ್ಬಲಿಗೆ ದಂಡೆ ಕಟ್ಟಿದ ಹಾಂಗೇ ಅಲ್ದನೇ?" ಅಂದಳು. ಬಾಳೆ ನಾರಿನಲ್ಲಿ ಹೂವು ಸೇರಿಸುತ್ತಾ ಹೋಗುವ ಹಾಗೆ. ಮರುದಿನ ತಾನೇ ಕೂತು ಒಂದು ಸಾಲು ಹೆಣೆದಳು. ಸೊಟ್ಟಗಿತ್ತು. ಅತ್ತೆ ಅದನ್ನ ಬಿಚ್ಚಲಿಲ್ಲ. ತಮ್ಮ ಐದು ಸಾಲಿನ ಪಕ್ಕ ಹಾಗೇ ಬಿಟ್ಟರು. ಮಗಳು ಸೋಮವಾರ ಅದೇ ತಲೆಯಲ್ಲಿ ಸ್ಕೂಲಿಗೆ ಹೋದಳು.

ಆಯಿಯಿಂದ ಇನ್ನೂ ಜಾಸ್ತಿ ನಾನು ಕೇಳಲಿಲ್ಲ. ಕೊಟ್ಟಿಗೆ ಗೂಡಿನ ಲೋಟದ ಮಾತೆತ್ತಲು ನನಗೇ ಧೈರ್ಯ ಬರಲಿಲ್ಲ.

ಈಗ ಮಗಳಿಗೆ ಹದಿಮೂರು. ವರ್ಜೀನಿಯಾದಲ್ಲಿ ಹದಿನೈದೂವರೆ ವರ್ಷಕ್ಕೆ ಕಾರಿನ ಲರ್ನರ್ ಪರ್ಮಿಟ್ ಸಿಗುತ್ತದೆ. ಗಂಡ ಈಗಲೇ ಒಂದು ಪಾಠ ಶುರು ಮಾಡಿದ್ದಾನೆ. ಇಷ್ಟು ಬೇಗ ಬೇಡ ಅಂದೆ. 2015ರಲ್ಲಿ ಟೆಕ್ಸಸ್‌ನಲ್ಲಿ ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲ ಅಂತ ಪೊಲೀಸರು ನಿಲ್ಲಿಸಿದ ಬ್ಲ್ಯಾಕ್ ಹೆಂಗಸು ಸ್ಯಾಂಡ್ರಾ ಬ್ಲ್ಯಾಂಡ್ ಮೂರು ದಿನದ ಮೇಲೆ ಜೈಲಲ್ಲಿ ಹೆಣವಾಗಿ ಸಿಕ್ಕಿದ್ದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಆ ಹೆಸರು ಹೇಳಲಿಲ್ಲ. "ಅವಳು ಅರ್ಧ ಅಂತ ಕಾರಿನ ಕಿಟಕಿಯಿಂದ ಕಾಣಲ್ಲ" ಅಂದ ಅಷ್ಟೇ.

ಹೋದ ಭಾನುವಾರ ಮನೆ ಮುಂದೆ ನಿಂತ ಕಾರಿನಲ್ಲಿ ಅವಳನ್ನ ಡ್ರೈವರ್ ಸೀಟಲ್ಲಿ ಕೂರಿಸಿದ. ಇಂಜಿನ್ ಆಫ್. ನಾನು ಪಕ್ಕದ ಸೀಟಲ್ಲಿ. ಅವನು ಹೊರಗೆ, ಪೊಲೀಸಿನವನು ನಿಲ್ಲುವ ಜಾಗದಲ್ಲಿ. ಗಾಡಿ ಪಕ್ಕಕ್ಕೆ ಹಾಕು. ರಾತ್ರಿಯಾದರೆ ಒಳಗಿನ ದೀಪ ಹಚ್ಚು. ಕಿಟಕಿ ಇಳಿಸು. ಎರಡೂ ಕೈ ಸ್ಟಿಯರಿಂಗ್ ಮೇಲೆ, ಬೆರಳು ಬಿಡಿಸಿ ಇಡು. ಲೈಸೆನ್ಸ್ ಎಲ್ಲಿದೆ ಅಂತ ಮೊದಲು ಹೇಳು, ಆಮೇಲೆ ಕೈ ಹಾಕು. ತಪ್ಪು ಅವರದೇ ಆದರೂ ಅಲ್ಲಿ ವಾದ ಮಾಡಬೇಡ. ಮನೆಗೆ ಬಾ, ಆಮೇಲೆ ನೋಡೋಣ. ಮೂರು ಸಲ ಮಾಡಿಸಿದ. ಅವನ ದನಿ ಶಾಂತವಾಗಿತ್ತು. ಇದೇ ಪಾಠವನ್ನ ಅವನಿಗೆ ಅವನಪ್ಪ ಇದೇ ಊರಲ್ಲಿ ಹೇಳಿಕೊಟ್ಟಿದ್ದರು.

ಮಗಳು ಸ್ಟಿಯರಿಂಗ್ ಮೇಲೆ ಬೆರಳು ಬಿಡಿಸಿ ಇಟ್ಟುಕೊಂಡೇ ನನ್ನ ಕಡೆ ನೋಡಿದಳು. ಕನ್ನಡದಲ್ಲಿ ಕೇಳಿದಳು.

"ನಿಂಗೆ ಯಾರು ಹೇಳಿಕೊಟ್ರು ಆಯಿ?"

"ನಂಗೆ ಯಾರೂ ಹೇಳಿಕೊಡಲಿಲ್ಲ."

ಹದಿನೈದು ವರ್ಷದಿಂದ ಇಲ್ಲಿ ಕಾರು ಓಡಿಸುತ್ತಿದ್ದೇನೆ. ಎರಡು ಸಲ ಪೊಲೀಸರು ನಿಲ್ಲಿಸಿದ್ದಾರೆ. ಎರಡೂ ಸಲ ಮಾತಾಡುತ್ತಾ ಬ್ಯಾಗಿಗೆ ಕೈ ಹಾಕಿದ್ದೆ.

ಅವಳು ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಬಲಗೈ ತೆಗೆದು ನನ್ನ ಕೈ ಹಿಡಿದು ಮುಂದಿನ ಡ್ಯಾಶ್‌ಬೋರ್ಡ್ ಮೇಲಿಟ್ಟಳು. ಇನ್ನೊಂದನ್ನೂ ಇಟ್ಟಳು. ನನ್ನ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದಳು. "ಹೀಗೆ" ಅಂದಳು.

ಹೊರಗಿನಿಂದ ಅವಳಪ್ಪ ಕಿಟಕಿ ತಟ್ಟಿದ. ನಾಲ್ಕನೇ ಸಲಕ್ಕೆ.